ಬರುತ್ತಾನೆ ಎಂದೇ ಎಸೆಯುವುದು

(ಶಾಲೆಯ ಬೀಳ್ಕೊಡುಗೆ ಸಮಾರಂಭದಲ್ಲಿ ಮಾಡಿದ ಭಾಷಣ)



ಭಾನುವಾರದ ನಿದ್ದೆ ಬಿಟ್ಟು ಪಾಠ ಮಾಡಲು ಬರುವ ನನ್ನ ಶಿಕ್ಷಕ ಮಿತ್ರರೇ, ಮಕ್ಕಳನ್ನು ಎಬ್ಬಿಸಿ, ಗದರಿಸಿ, ಕೆಲವೊಮ್ಮೆ ಕನೇಲ್‌ಬುಲ್ಲೆಯ ಆಸೆ ತೋರಿಸಿ ಇಲ್ಲಿಗೆ ಕರೆತರುವ ತಂದೆತಾಯಿಯರೇ, ಇವತ್ತು ಪ್ರಮಾಣಪತ್ರ ಪಡೆಯುತ್ತಿರುವ ಏಳು ಮಕ್ಕಳೇ,

ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಕನ್ನಡದ ಹಿರಿಮೆಯ ಬಗ್ಗೆ ಮಾತಾಡಬಹುದಿತ್ತು. ಅದನ್ನು ಪ್ರತಿ ವರ್ಷ ನನಗಿಂತ ಚೆನ್ನಾಗಿ ಬಲ್ಲವರು ಯಾರಾದರೂ ಮಾತಾಡುತ್ತಾರೆ. ಹಾಗಾಗಿ ನಾನು ಒಂದು ಆಟದ ಬಗ್ಗೆ ಮಾತಾಡುತ್ತೇನೆ. ಆ ಆಟ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ಶರತ್ಕಾಲದಲ್ಲಿ ದೊಡ್ಡ ಮಕ್ಕಳ ತರಗತಿಗೆ 'ನನ್ನ ಮೆಚ್ಚಿನ ಆಟ' ಎಂಬ ಪ್ರಬಂಧ ಕೊಟ್ಟಿದ್ದೆ. ಕ್ರಿಕೆಟ್, ಇನ್ನೆಬಂಡಿ, ಈಜು ಬರುತ್ತವೆ ಎಂದುಕೊಂಡಿದ್ದೆ. ಒಬ್ಬ ಹುಡುಗ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆದ. ಇವತ್ತು ಪ್ರಮಾಣಪತ್ರ ತೆಗೆದುಕೊಳ್ಳುವವರಲ್ಲಿ ಅವನೂ ಒಬ್ಬ. ಹೆಸರು ಹೇಳುವುದಿಲ್ಲ, ನಿಮಗೆ ಹೇಗೂ ಗೊತ್ತಾಗುತ್ತದೆ. ಈ ಕತೆ ಹೇಳಲು ಅವನ ಒಪ್ಪಿಗೆ ಪಡೆದಿದ್ದೇನೆ. ಒಪ್ಪಿಗೆಗೆ ಒಂದು ಶರತ್ತಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

"ಇದರಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿಯಲ್ಲ, ಮತ್ತೆ ಫುಟ್‌ಬಾಲ್ ಅಂತ ಯಾಕೆ ಹೆಸರು?" ಎಂದು ಕೇಳಿದೆ. "ಗೊತ್ತಿಲ್ಲ ಟೀಚರ್. ನಮ್ಮ ಟ್ರೇನರ್‌ಗೂ ಗೊತ್ತಿಲ್ಲ" ಎಂದ. ಆಮೇಲೆ ಬೋರ್ಡಿನ ಮೇಲೆ ಹನ್ನೊಂದು ಸೊನ್ನೆ, ಹನ್ನೊಂದು ಇಂಟು ಗುರುತು ಬರೆದು ನನಗೆ ಪಾಠ ಮಾಡಿದ. ನಾನು ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ಒಂದು ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಅವಕಾಶ. ಪ್ರತಿ ಸಲವೂ ಚೆಂಡು ಮೊದಲು ಒಬ್ಬ ಹುಡುಗನ ಕೈಗೆ ಬರುತ್ತದೆ. ಅವನು ಕ್ವಾರ್ಟರ್‌ಬ್ಯಾಕ್. ಆಟಕ್ಕೆ ಮೊದಲು ಎಲ್ಲರೂ ತಲೆಗೆ ತಲೆ ಸೇರಿಸಿ ನಿಂತಾಗ ಏನು ಮಾಡಬೇಕೆಂದು ಹೇಳುವವನೂ ಅವನೇ. ಚೆಂಡು ಕೈಗೆ ಬಂದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕೆಂದು ನಿರ್ಧರಿಸಬೇಕು. ಅಷ್ಟು ಹೊತ್ತು ಅವನ ಮೇಲೆ ಯಾರೂ ಬೀಳದಂತೆ ಐದು ಜನ ದಾಂಡಿಗರು ಮುಂದೆ ಗೋಡೆಯಂತೆ ನಿಂತಿರುತ್ತಾರೆ. ಅವರು ಸಾಮಾನ್ಯವಾಗಿ ಚೆಂಡನ್ನು ಹಿಡಿಯುವುದೂ ಇಲ್ಲ, ಓಡುವುದೂ ಇಲ್ಲ. ಕಬಡ್ಡಿಯಲ್ಲಿ ಎದುರಾಳಿಯ ಅಂಗಳಕ್ಕೆ ಹೋದವನನ್ನು ನಾವು ನೋಡುತ್ತೇವೆ. ಇಲ್ಲಿಯೂ ಹಾಗೆಯೇ, ಎಲ್ಲರ ಕಣ್ಣೂ ಎಸೆಯುವವನ ಮೇಲೆ.

ಏಪ್ರಿಲ್‌ನಲ್ಲಿ ಅವನ ಒಂದು ಪಂದ್ಯ ನೋಡಲು ಹೋದೆ. ಸ್ವೀಡನ್ನಿನ ಏಪ್ರಿಲ್ ನಿಮಗೆ ಗೊತ್ತಲ್ಲ, ಬಿಸಿಲು, ಮಳೆ, ಹಿಮದ ಹರಳು ಮೂರೂ ಒಂದೇ ಗಂಟೆಯಲ್ಲಿ. ಅವನ ತಾಯಿ ಕಿಯೋಸ್ಕಿನಲ್ಲಿ ನಿಂತು ಕಾಫಿ, ಕೊರ್ವ್ ಮಾರುತ್ತಿದ್ದರು. ಸಸ್ಯಾಹಾರಿ ಮನೆಯ ಹೆಣ್ಣುಮಗಳು ಇಕ್ಕಳದಲ್ಲಿ ಕೊರ್ವ್ ಎತ್ತಿ ಬ್ರೆಡ್ಡಿಗೆ ಇಡುವುದನ್ನು ನೋಡಿ ನಾನು ನಕ್ಕೆ. "ಸರದಿ ಬಂದಾಗ ಎಲ್ಲರೂ ನಿಲ್ಲಬೇಕು ಕಣ್ರೀ" ಎಂದು ಅವರೂ ನಕ್ಕರು.

ಪಂದ್ಯದ ನಡುವೆ ಅವನು ಎಸೆದ ಚೆಂಡು ನೇರವಾಗಿ ಎದುರಾಳಿಯ ಕೈಗೆ ಹೋಯಿತು. ಆ ಹುಡುಗ ಅದನ್ನು ಹಿಡಿದು ಅಷ್ಟು ದೂರ ಓಡಿಬಿಟ್ಟ. ಇದಕ್ಕಿಂತ ದೊಡ್ಡ ತಪ್ಪು ಆ ಜಾಗದಲ್ಲಿ ನಿಂತವನು ಮಾಡಲಾರ ಎಂದು ಪಕ್ಕದಲ್ಲಿದ್ದ ಒಬ್ಬ ತಂದೆ ನನಗೆ ವಿವರಿಸಿದರು. ನಮ್ಮ ಹುಡುಗ ತಲೆ ತಗ್ಗಿಸಿಕೊಂಡು ಬೆಂಚಿಗೆ ಬಂದ. ಯಾರೂ ಏನೂ ಹೇಳಲಿಲ್ಲ. ಗೋಡೆಯಂತೆ ನಿಲ್ಲುತ್ತಿದ್ದ ಐವರಲ್ಲಿ ಒಬ್ಬ, ಅವನಿಗಿಂತ ಎರಡು ಪಾಲು ದಪ್ಪಗಿರುವ ಹುಡುಗ, ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೊಟ್ಟ. ಅಷ್ಟೇ. ಹತ್ತು ನಿಮಿಷದ ನಂತರ ಮತ್ತೆ ಚೆಂಡು ಕೈಗೆ ಬಂದಾಗ ನಮ್ಮವನು ಅದೇ ಹುಡುಗನಿಗೆ, ಅದೇ ದಿಕ್ಕಿಗೆ ಎಸೆದ. ಈ ಸಲ ಅವನು ಹಿಡಿದ.

ಪಂದ್ಯ ಮುಗಿದ ಮೇಲೆ ಕೇಳಿದೆ, "ಅಷ್ಟು ಧೈರ್ಯವಾಗಿ ಮತ್ತೆ ಅಲ್ಲಿಗೇ ಹೇಗೆ ಎಸೆದೆ?" ಅವನು ಕನ್ನಡದಲ್ಲೇ ಉತ್ತರ ಕೊಟ್ಟ, ಸ್ವಲ್ಪ ಹುಡುಕಿ ಹುಡುಕಿ. "ಟೀಚರ್, ನಾನು ಎಸೆಯುವಾಗ ಅವನು ಅಲ್ಲಿ ಇರುವುದೇ ಇಲ್ಲ. ಖಾಲಿ ಜಾಗಕ್ಕೆ ಎಸೆಯಬೇಕು. ಅವನು ಬರ್ತಾನೆ ಅಂತ ಎಸೆಯೋದು."

ಮನೆಗೆ ಬರುವಾಗ ಬಸ್ಸಿನಲ್ಲಿ ಕೂತು ಆ ಮಾತನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಈಗ ನಿಮಗೆ ಒಂದು ತಪ್ಪೊಪ್ಪಿಗೆ. ಇದೇ ಹುಡುಗ ಎರಡೂವರೆ ವರ್ಷದ ಹಿಂದೆ ಕನ್ನಡ ಶಾಲೆ ಬಿಟ್ಟುಹೋಗಿದ್ದ. ಅದಕ್ಕೆ ಕಾರಣ ನಾನು.

ಆ ವರ್ಷದ ರಾಜ್ಯೋತ್ಸವದಲ್ಲಿ ಅವನು 'ನನ್ನ ಅಜ್ಜಿಯ ಊರು' ಎಂದು ಮಾತಾಡಿದ. ಮೂರು ವಾರ ತಾನೇ ಬರೆದು, ತಾನೇ ಕಂಠಪಾಠ ಮಾಡಿದ್ದ. ರಜೆ ಮುಗಿಸಿ ಹೊರಡುವ ದಿನದ ಬಗ್ಗೆ ಹೇಳುತ್ತಾ, "ನಾವು ಕಾರು ಹತ್ತಿದಾಗ ಅಜ್ಜಿ ಅತ್ತ" ಎಂದ. ಸಭೆ ನಕ್ಕಿತು. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಅಭ್ಯಾಸಬಲ ನೋಡಿ, ದೊಡ್ಡ ದನಿಯಲ್ಲಿ "ಅತ್ತರು, ಅತ್ತರು" ಎಂದೆ. ನಗು ಇನ್ನೂ ಜೋರಾಯಿತು. ಅವನು ಒಂದು ಕ್ಷಣ ನನ್ನನ್ನು ನೋಡಿ ವೇದಿಕೆಯಿಂದ ಇಳಿದುಹೋದ. ಒಂದು ಮಗು ತನ್ನ ಅಜ್ಜಿ ಅತ್ತದ್ದನ್ನು ನೂರು ಜನರಿಗೆ ಹೇಳಲು ಬಂದಿತ್ತು. ನಮಗೆ ಕೇಳಿಸಿದ್ದು ಕ್ರಿಯಾಪದ ಮಾತ್ರ.

ಮುಂದಿನ ವಾರ ಅವನ ತಾಯಿ ಫೋನ್ ಮಾಡಿ, "ಭಾನುವಾರ ಅವನಿಗೆ ಟ್ರೇನಿಂಗ್ ಇದೆ, ಬರೋಕಾಗಲ್ಲ" ಎಂದರು. ಅವನ ಟ್ರೇನಿಂಗ್ ಶನಿವಾರ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಇಬ್ಬರೂ ಅದರ ಬಗ್ಗೆ ಮಾತೆತ್ತಲಿಲ್ಲ. ತಂದೆ ಒಮ್ಮೆ ಅಂಗಡಿಯಲ್ಲಿ ಸಿಕ್ಕಾಗ, "ಅವನಿಗೆ ಆತ್ಮವಿಶ್ವಾಸ ಸ್ವಲ್ಪ ಕಮ್ಮಿ" ಎಂದರು. ಈ ಮಾತನ್ನು ನಾವೆಲ್ಲ ಎಷ್ಟು ಸುಲಭವಾಗಿ ಆಡುತ್ತೇವೆ! ಈ ದೇಶದ ಚಳಿಗಾಲದಲ್ಲಿ ಡಿ ವಿಟಮಿನ್ ಕಮ್ಮಿಯಾದ ಹಾಗೆ, ಆ ಮಗುವಿನ ರಕ್ತದಲ್ಲೇ ಏನೋ ಕಮ್ಮಿ ಇದ್ದ ಹಾಗೆ.

ಆ ಚಳಿಗಾಲದಲ್ಲಿ ನನಗೆ ಪದೇ ಪದೇ ನೆನಪಾದವರು ಪ್ರಕಾಶ್ ಪಡುಕೋಣೆ. ಹಿರಿಯರಿಗೆ ಅವರನ್ನು ಪರಿಚಯಿಸಬೇಕಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ, ದೀಪಿಕಾ ಪಡುಕೋಣೆಯ ಅಪ್ಪ. (ನೋಡಿ, ಈಗ ಎಲ್ಲರೂ ತಲೆ ಎತ್ತಿದರು.) ದೀಪಿಕಾ ಹುಟ್ಟಿದ್ದು 1986ರಲ್ಲಿ, ನಮ್ಮ ಪಕ್ಕದ ಕೋಪನ್‌ಹೇಗನ್ನಿನಲ್ಲಿ. ಅದು ಹೇಗೆ ಎಂಬುದಕ್ಕೆ ಈ ಕತೆಯಲ್ಲೇ ಉತ್ತರವಿದೆ.

ಪಡುಕೋಣೆ ಎಂಬುದು ಕುಂದಾಪುರದ ಹತ್ತಿರದ ಊರು. ಪ್ರಕಾಶ್ ಬೆಳೆದದ್ದು ಬೆಂಗಳೂರಿನಲ್ಲಿ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಗೆ ಅನೇಕ ವರ್ಷ ಕಾರ್ಯದರ್ಶಿಯಾಗಿದ್ದವರು. ಆಗ ಈಗಿನ ಹಾಗೆ ಒಳಾಂಗಣ ಕ್ರೀಡಾಂಗಣಗಳು ಎಲ್ಲಿದ್ದವು? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಹಾಲ್‌ನಲ್ಲಿ ಆಡುತ್ತಿದ್ದರು. ಅದು ಮದುವೆ ಹಾಲ್. ಮದುವೆ ಇದ್ದ ದಿನ ಆಟವಿಲ್ಲ. ಮದುವೆ ಇಲ್ಲದ ದಿನಕ್ಕೆ ಕಾದು ಆಡುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಓದಿದಾಗ ನನಗೆ ನಮ್ಮ ಶಾಲೆಯೇ ಕಂಡಿತು. ನಮ್ಮದೂ ಎರವಲು ಕೋಣೆಯಲ್ಲವೇ? ಪ್ರತಿ ಭಾನುವಾರ ಬೇರೆಯವರ ಕುರ್ಚಿ ಸರಿಸಿ, ಬೋರ್ಡಿನ ಮೇಲಿನ ಬೇರೆಯವರ ಅಕ್ಷರ ಒರೆಸಿ, 'ಅ ಆ ಇ ಈ' ಬರೆದು, ಹೋಗುವಾಗ ಮತ್ತೆ ಎಲ್ಲ ಇದ್ದ ಹಾಗೇ ಇಟ್ಟು ಹೋಗುತ್ತೇವೆ.

1962ರಲ್ಲಿ ಪ್ರಕಾಶ್ ಮೊದಲ ಬಾರಿಗೆ ರಾಜ್ಯ ಜೂನಿಯರ್ ಪಂದ್ಯಾವಳಿ ಆಡಿದರು. ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷದ ನಂತರ ಅದೇ ಪಂದ್ಯಾವಳಿ ಗೆದ್ದರು. 1971ರಲ್ಲಿ, ಹದಿನಾರರ ವಯಸ್ಸಿನಲ್ಲಿ, ರಾಷ್ಟ್ರೀಯ ಜೂನಿಯರ್ ಮತ್ತು ಸೀನಿಯರ್ ಎರಡೂ ಪ್ರಶಸ್ತಿ ಅವರದಾಯಿತು. ಅಲ್ಲಿಂದ 1979ರವರೆಗೆ ಒಂಬತ್ತು ವರ್ಷ ದೇಶದಲ್ಲಿ ಅವರೇ ಚಾಂಪಿಯನ್. 1980ರಲ್ಲಿ ಡೆನ್ಮಾರ್ಕ್ ಓಪನ್ ಗೆದ್ದರು, ನಮ್ಮ ಈ ನಾಡಿನ ಸ್ವೀಡಿಷ್ ಓಪನ್ ಗೆದ್ದರು. ಆಮೇಲೆ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಿಗಿದ್ದವರು ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್. ಅದರ ಹಿಂದಿನ ಎರಡು ವರ್ಷವೂ ಅದೇ ಪ್ರಶಸ್ತಿ ಗೆದ್ದಿದ್ದವರು, ಸ್ಮ್ಯಾಷ್ ಹೊಡೆತಕ್ಕೆ ಹೆಸರಾದವರು. ಪ್ರಕಾಶ್ 15-3, 15-10ರಿಂದ ಗೆದ್ದರು. ಭಾರತೀಯರೊಬ್ಬರು ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಮರುವರ್ಷ ಅದೇ ಅಂಗಳದಲ್ಲಿ, ಅದೇ ಕಿಂಗ್ ಎದುರು ಫೈನಲ್‌ನಲ್ಲಿ ಸೋತರು. ಪುಸ್ತಕಗಳು ಈ ಸೋಲನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಸೋತವರಿಗೆ ಅದು ಅಷ್ಟು ಬೇಗ ಮುಗಿದಿರಲಿಕ್ಕಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ವಿಷಯ. ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಪ್ರಕಾಶ್ ಬೆಂಗಳೂರಿನಲ್ಲಿ ಹಾರ ಹಾಕಿಸಿಕೊಂಡು ಕೂರಲಿಲ್ಲ. ಡೆನ್ಮಾರ್ಕಿಗೆ ಬಂದು ಕೋಪನ್‌ಹೇಗನ್ ಬಳಿಯ ವೀದೋವ್ರ ಎಂಬ ಕ್ಲಬ್ಬಿಗೆ ಆಡಿದರು. ಸೋಲಿಸಿದರೆ ತನಗಿಂತ ಬಲಶಾಲಿಗಳೇ ಸೋಲಿಸಬೇಕು, ದಿನವೂ ಅಂಥವರ ಜೊತೆಯೇ ಆಡಬೇಕು. ಅದಕ್ಕಾಗಿ ಮನೆ, ಊಟ, ಹವೆ ಎಲ್ಲ ಬಿಟ್ಟು ಬಂದರು. ಇಲ್ಲಿಯ ಕ್ಲಬ್ ಆಟ ಹೇಗೆಂದು ಮಕ್ಕಳನ್ನು ಬ್ಯಾಡ್ಮಿಂಟನ್‌ಗೆ ಕಳಿಸುವವರಿಗೆ ಗೊತ್ತು. ಒಂದು ಸಿಂಗಲ್ಸ್ ಗೆದ್ದರೆ ತಂಡಕ್ಕೆ ಒಂದೇ ಅಂಕ. ಯಾರಿಗೂ ಹೆಸರು ಗೊತ್ತಿಲ್ಲದ ಇಬ್ಬರು ಹುಡುಗಿಯರು ಡಬಲ್ಸ್ ಗೆದ್ದರೂ ಒಂದೇ ಅಂಕ. ಆಲ್ ಇಂಗ್ಲೆಂಡ್ ಚಾಂಪಿಯನ್ ಆದವರ ಆಟಕ್ಕೂ ಆ ಹುಡುಗಿಯರ ಆಟಕ್ಕೂ ಅಲ್ಲಿ ಒಂದೇ ತೂಕ. ಮುಂದೆ 1994ರಲ್ಲಿ ವಿಮಲ್ ಕುಮಾರ್ ಅವರೊಡನೆ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು. ಅಲ್ಲಿ ತರಬೇತಿ ಪಡೆದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಒಬ್ಬರು ಗೆದ್ದು ಇನ್ನೊಬ್ಬರು ಗೆಲ್ಲುವ ನಡುವೆ ಇಪ್ಪತ್ತೊಂದು ವರ್ಷ.

ಬ್ಯಾಡ್ಮಿಂಟನ್ ಸಿಂಗಲ್ಸ್ ನೋಡುವವರಿಗೆ ಒಂಟಿ ಆಟ. ಆದರೆ ಆ ಒಂಟಿ ಆಟಗಾರನ ಹಿಂದೆ ಮದುವೆ ಹಾಲ್‌ನ ಬೀಗ ತೆಗೆದುಕೊಟ್ಟವರಿದ್ದಾರೆ, ಸೋತ ಮಗುವನ್ನು ಮರುದಿನ ಅದೇ ಹಾಲ್‌ಗೆ ಕರೆದೊಯ್ದವರಿದ್ದಾರೆ, ಎದುರು ನಿಂತು ಸಾವಿರ ಸಲ ಶಟಲ್ ಹಿಂತಿರುಗಿಸಿದವರಿದ್ದಾರೆ. ಆತ್ಮವಿಶ್ವಾಸ ಎಂಬುದರಲ್ಲಿ 'ಆತ್ಮ' ಎಂಬ ಪದ ಇರುವುದರಿಂದ ಅದು ಒಳಗಿನಿಂದಲೇ ಹುಟ್ಟುತ್ತದೆ ಎಂದು ನಾನು ನಂಬಿದ್ದೆ. ಈಗ ನನಗೆ ಅನುಮಾನ. ಹೆಚ್ಚಿನ ಪಾಲು ಹೊರಗಿನಿಂದ, ಪಕ್ಕದಲ್ಲಿ ನಿಂತವರಿಂದ ಬರುತ್ತದೆ.

ಕ್ರಿಕೆಟ್ ಪ್ರಿಯರು ಬೇಸರ ಮಾಡಿಕೊಳ್ಳಬಾರದು ಎಂದು ಒಂದು ಉದಾಹರಣೆ ಅವರ ಪಾಲಿಗೆ. 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಎದುರು ಒಂದೇ ಇನ್ನಿಂಗ್ಸ್‌ನಲ್ಲಿ ಅನಿಲ್ ಕುಂಬ್ಳೆಯವರ ಹತ್ತು ವಿಕೆಟ್. ಈ ಅಂಕಿ ಎಲ್ಲರಿಗೂ ಬಾಯಿಪಾಠ, 74 ರನ್ನಿಗೆ 10. ಆದರೆ ಒಂಬತ್ತು ವಿಕೆಟ್ ಆದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದವರು ಜಾವಗಲ್ ಶ್ರೀನಾಥ್. ಜೀವನವಿಡೀ ವಿಕೆಟ್ ತೆಗೆಯುವುದನ್ನೇ ಅಭ್ಯಾಸ ಮಾಡಿದ ವೇಗದ ಬೌಲರ್ ಆ ಓವರಿನಲ್ಲಿ ಬೇಕೆಂದೇ ಸ್ಟಂಪಿನಿಂದ ದೂರ ದೂರ ಎಸೆದರು, ವಿಕೆಟ್ ಬೀಳದಿರಲಿ ಎಂದು. ಅದು ಸುಲಭದ ಕೆಲಸವಲ್ಲ. ಮುಂದಿನ ಓವರಿನಲ್ಲಿ ಕುಂಬ್ಳೆ ವಾಸಿಂ ಅಕ್ರಂ ವಿಕೆಟ್ ತೆಗೆದರು.

ನಮ್ಮ ಹುಡುಗನ ಕತೆಗೆ ಬರುತ್ತೇನೆ. ಅವನನ್ನು ವಾಪಸ್ ಕರೆತಂದದ್ದು ನಾನಲ್ಲ. ನಾನು ಎರಡು ಸಲ ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಟೀಚರ್" ಎಂದ. ಪರವಾಗಿಲ್ಲ ಎಂದರೆ ಬರುವುದಿಲ್ಲ ಎಂದೇ ಅರ್ಥ. ಯುಗಾದಿಗೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆಯನ್ನು ನಾಟಕ ಮಾಡಿಸುತ್ತಿದ್ದೆವು. ತೆನಾಲಿಯ ಪಾತ್ರ ಮಾಡುತ್ತಿದ್ದ ಹುಡುಗಿ, ಅವಳೂ ಇವತ್ತು ಇಲ್ಲಿದ್ದಾಳೆ, ಅವನಿಗೆ ತಾನೇ ಫೋನ್ ಮಾಡಿದಳು. ಏನು ಹೇಳಿದಳೆಂದು ಆಮೇಲೆ ಗೊತ್ತಾಯಿತು. "ಪರದೆ ಹಿಂದೆ ಕೂತು ಮಾತು ಹೇಳಿಕೊಡೋಕೆ ಒಬ್ರು ಬೇಕು ಕಣೋ. ಟೀಚರ್ ಕೂತ್ರೆ ಇಡೀ ಹಾಲ್‌ಗೆ ಕೇಳ್ಸತ್ತೆ."

ಬಂದ. ವೇದಿಕೆ ಹತ್ತಬೇಕಿಲ್ಲ ಎಂಬ ಮಾತು ಪಡೆದುಕೊಂಡೇ ಬಂದ. ಪರದೆಯ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಗದ ಹಿಡಿದು ಕೂತ. ಮಾತು ಹೇಳಿಕೊಡುವುದು ಸಣ್ಣ ಕೆಲಸ ಎಂದು ನೀವು ತಿಳಿದಿದ್ದರೆ ಒಮ್ಮೆ ಕೂತು ನೋಡಿ. ನಟ ಒಂದು ಸಾಲು ಆಡುತ್ತಿರುವಾಗ ನಿಮ್ಮ ಕಣ್ಣು ಮುಂದಿನ ಸಾಲಿನ ಮೇಲಿರಬೇಕು. ಅಕ್ಷರ ಕೂಡಿಸಿ ಕೂಡಿಸಿ ಓದುವವನಿಗೆ ಅದು ಆಗುವುದಿಲ್ಲ. ಅದಕ್ಕಾಗಿ ಅವನು ಮನೆಯಲ್ಲಿ ನಾಟಕವನ್ನು ಎಷ್ಟು ಸಲ ಓದಿದನೋ, ನಾಟಕದ ದಿನ ಒತ್ತಕ್ಷರಕ್ಕೆ ಎಲ್ಲೂ ತಡವರಿಸಲಿಲ್ಲ. ರಾಜನ ಪಾತ್ರದ ಏಳು ವರ್ಷದ ಹುಡುಗ ಮಧ್ಯದಲ್ಲಿ ಮಾತು ಮರೆತು ನಿಂತುಬಿಟ್ಟ. ನನ್ನ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಪರದೆಯ ಹಿಂದಿನಿಂದ ಪಿಸುದನಿ, "ಹಾ..." ಒಂದೇ ಅಕ್ಷರ. ಪುಟ್ಟ ರಾಜನಿಗೆ ಅಷ್ಟೇ ಸಾಕಾಯಿತು. "ಹಾಲು ಕುಡಿಯದ ಬೆಕ್ಕು ಇದೆಯೇನೋ ರಾಮಕೃಷ್ಣ?" ಎಂದು ಅಬ್ಬರಿಸಿದ. ಸಭಿಕರಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಇಡೀ ಸಾಲು ಹೇಳಿಕೊಡದೆ ಒಂದೇ ಅಕ್ಷರ ಯಾಕೆ ಹೇಳಿದೆ ಎಂದು ಕೇಳಿದ್ದಕ್ಕೆ, "ಉಳಿದದ್ದು ಅವನಿಗೆ ಬರತ್ತೆ ಅಂತ ಗೊತ್ತಿತ್ತು" ಎಂದ.

ಮೂವತ್ತು ವರ್ಷ ಕನ್ನಡ ಆಡಿ, ಹನ್ನೊಂದು ವರ್ಷ ಪಾಠ ಮಾಡಿ ನನಗೆ ಬರದ ವಿದ್ಯೆ ಅದು.

ತಪ್ಪನ್ನು ತಿದ್ದಲೇಬಾರದು ಎಂದು ನಾನು ಹೇಳುತ್ತಿಲ್ಲ. ಪ್ರಕಾಶ್ ಪಡುಕೋಣೆ 1971ರಲ್ಲಿ ತಮ್ಮ ಆಟದ ಶೈಲಿಯನ್ನೇ ಬದಲಿಸಿಕೊಂಡು ಹೆಚ್ಚು ಆಕ್ರಮಣಕಾರಿಯಾಗಿ ಆಡತೊಡಗಿದರು, ಗೆದ್ದದ್ದು ಅದಾದ ಮೇಲೆ. 'ಅಜ್ಜಿ ಅತ್ತ' ಎಂಬುದು ತಪ್ಪೇ, ಅದನ್ನು ಸರಿಪಡಿಸುವುದಕ್ಕೇ ನಾವು ಇಲ್ಲಿರುವುದು. ಆದರೆ ಓಡುತ್ತಿರುವವನ ಕಾಲ ಬಳಿ ಬಗ್ಗಿ ಶೂ ಲೇಸ್ ಕಟ್ಟಲು ಹೋದರೆ ಅವನು ಬೀಳುತ್ತಾನೆ. ಈಗ ನಾನು ಮಕ್ಕಳು ಮಾತಾಡುವಾಗ ಪುಸ್ತಕದಲ್ಲಿ ಗೀಟು ಹಾಕಿಕೊಳ್ಳುತ್ತೇನೆ. ಮಾತು ಮುಗಿದ ಮೇಲೆ, ಬೇರೆಯವರು ಹೋದ ಮೇಲೆ ಹೇಳುತ್ತೇನೆ. ಕೆಲವು ವಾರ ಮರೆತು ನಡುವೆ ಬಾಯಿ ಹಾಕುತ್ತೇನೆ. ಆಗ ತರಗತಿಯ ಎಲ್ಲರೂ ಒಟ್ಟಿಗೆ "ಟೀ...ಚರ್" ಎನ್ನುತ್ತಾರೆ.

ಪೋಷಕರಿಗೆ ಒಂದು ಮಾತು. "ನಾವು ಕನ್ನಡದಲ್ಲಿ ಕೇಳಿದರೆ ಮಕ್ಕಳು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಾರೆ, ಏನು ಪ್ರಯೋಜನ?" ಎಂದು ಪ್ರತಿ ಸಭೆಯಲ್ಲೂ ಕೇಳುತ್ತೀರಿ. ನಮ್ಮ ಪೋಷಕರಲ್ಲೇ ಒಬ್ಬ ತಾಯಿಗೆ ಮಗ ನಾಲ್ಕು ವರ್ಷ ಒಂದು ಪದವನ್ನೂ ಕನ್ನಡದಲ್ಲಿ ಹಿಂತಿರುಗಿಸಲಿಲ್ಲ. ಅವರು ಬಿಡಲಿಲ್ಲ. ಊಟಕ್ಕೆ ಕರೆಯುವುದು, ಬೈಯುವುದು, ಮುದ್ದು ಮಾಡುವುದು ಎಲ್ಲ ಕನ್ನಡದಲ್ಲೇ. ಹೋದ ಬೇಸಿಗೆ ರಜೆಯಲ್ಲಿ ಹಾಸನದ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲವಂತೆ. ಈ ಹುಡುಗ ಎದ್ದು ನಿಂತು ಅಚ್ಚ ಕನ್ನಡದಲ್ಲಿ ಜಗಳವಾಡಿ ಎಂಟು ರೂಪಾಯಿ ವಸೂಲಿ ಮಾಡಿದನಂತೆ. ಮಗ ಸಾರ್ವಜನಿಕವಾಗಿ ಜಗಳವಾಡಿದ್ದಕ್ಕೆ ಇಷ್ಟು ಸಂತೋಷಪಟ್ಟ ತಾಯಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ನಾಲ್ಕು ವರ್ಷ ಅವರು ಎಸೆದದ್ದೆಲ್ಲ ಖಾಲಿ ಜಾಗಕ್ಕೇ.

ಇನ್ನು ಆ ಶರತ್ತು. ನನ್ನ ನಂತರ, ಹೊರಹೋಗುತ್ತಿರುವ ಮಕ್ಕಳ ಪರವಾಗಿ ಅವನು ಮಾತಾಡುತ್ತಾನೆ. ರಾಜ್ಯೋತ್ಸವದ ಆ ದಿನದ ನಂತರ ಅವನು ಒಂಟಿಯಾಗಿ ಈ ವೇದಿಕೆ ಹತ್ತುವುದು ಇದೇ ಮೊದಲು. ಕಾಗದ ಇಲ್ಲದೆ ಮಾತಾಡುತ್ತಾನಂತೆ. ವಿಷಯ ಏನೆಂದು ನನಗೂ ಹೇಳಿಲ್ಲ, ಅಜ್ಜಿಯ ಬಗ್ಗೆ ಇರಬಹುದೆಂದು ನನ್ನ ಊಹೆ. ಅವರು ಶಿವಮೊಗ್ಗದಿಂದ ಬಂದಿದ್ದಾರೆ, ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವನ ಶರತ್ತು ಇಷ್ಟು: ನಾನು ಮೊದಲ ಸಾಲಿನಲ್ಲಿ ಕೂರಬಾರದು, ಮತ್ತು ಏನೇ ಆದರೂ ತುಟಿ ಅಲ್ಲಾಡಿಸಬಾರದು.

ಒಪ್ಪಿಕೊಂಡಿದ್ದೇನೆ. ಹಿಂದಿನ ಬಾಗಿಲ ಹತ್ತಿರ ಒಂದು ಕುರ್ಚಿ ನೋಡಿಟ್ಟಿದ್ದೇನೆ, ಅಲ್ಲಿಗೆ ಹೋಗುತ್ತೇನೆ.